ಜಪಾನದ ಚಿತ್ರೋತ್ಸವವೂ ಗಡಿಯ ಪ್ರೇಕ್ಷಕರೂ

ಸೊಲ್ಲಾಪುರದವರಾದ ನಮಗೆ ಜಪಾನವೆಂಬ ದೇಶವು ಬೆಳ್ಳಿಯ ಪರದೆಯ ಮೇಲೆ ಮೊದಲು ಪರಿಚಯವಾದದ್ದು ವೈರಿಯ ವೇಷದಲ್ಲಿ. ೧೯೪೬ರಲ್ಲಿ ಶಾಂತಾರಾಮರು ತೆಗೆದ ‘ಡಾಕ್ಟರ್ ಕೋಟಣೀಸ್ ಕೀ ಅಮರ್ ಕಹಾನೀ’ ಎಂಬ ಹಿಂದೀ ಚಿತ್ರಪಟದ ನಾಯಕರು ನಮ್ಮೂರಿನವರು. ೧೯೧೦ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ದ್ವಾರಕಾನಾಥ ಕೋಟಣೀಸರು, ೧೯೩೮ರಲ್ಲಿ ಕಾಂಗ್ರೆಸ್ಸು ಚೀನಕ್ಕೆ ಕಳಿಸಿದ ಐವರು ವೈದ್ಯರ ತಂಡದಲ್ಲಿ ಒಬ್ಬರಾಗಿ ಹೋದರು. ಜಪಾನೀ ಸೈನ್ಯದ ದಾಳಿಗೆ ತುತ್ತಾದ ಆ ನೆಲದಲ್ಲಿ ಗಾಯಾಳುಗಳ ಸೇವೆ ಮಾಡುತ್ತ, ಅಲ್ಲಿಯ ದಾದಿಯೊಬ್ಬಳನ್ನು ಲಗ್ನವಾಗಿ, ೧೯೪೨ರ ಡಿಸೆಂಬರದಲ್ಲಿ ತಮ್ಮ ೩೨ನೆಯ ವಯಸ್ಸಿನಲ್ಲಿ ಅಲ್ಲಿಯೇ ಕಣ್ಣುಮುಚ್ಚಿದರು. ಶಾಂತಾರಾಮರು ತಾವೇ ಕೋಟಣೀಸರ ಪಾತ್ರ ವಹಿಸಿದ ಆ ಚಿತ್ರದ ಕಥೆಯನ್ನು ಹಿರಿಯರ ಬಾಯಿಂದ ಕೇಳಿ ಬೆಳೆದ ನಮ್ಮ ಊರಿನ ಹುಡುಗನಿಗೆ ಜಪಾನವೆಂದರೆ ತುಪಾಕಿ ಹಿಡಿದು ಬಂದ ಸೈನಿಕ.

ಆ ಚಿತ್ರಪಟವು ಹೇಳಿದ ಅನ್ಯಾಯವೇನೂ ಸುಳ್ಳಲ್ಲ. ಚೀನದಲ್ಲಿ ಜಪಾನೀ ಸೈನ್ಯ ನಡೆಸಿದ ಕ್ರೌರ್ಯವು ಇತಿಹಾಸಕ್ಕೆ ಸೇರಿದ ಸಂಗತಿ. ಆದರೆ ಒಂದು ಜನಾಂಗವನ್ನು ಅದರ ಸೈನ್ಯದ ಮುಖದಿಂದ ಮಾತ್ರ ಅರಿತವರು ಆ ಜನಾಂಗವನ್ನು ಅರಿತರೆಂದು ಹೇಳಲಾಗದು. ಮುಂದೆ ಪಠ್ಯಪುಸ್ತಕದಲ್ಲಿ ಹಿರೋಶಿಮಾ ಬಂದಿತು. ಪೇಟೆಯಲ್ಲಿ ಕೈಗಡಿಯಾರವೂ ಮೋಟಾರು ಸೈಕಲ್ಲೂ ಬಂದವು. ಈಚೆಗೆ ದೂರದರ್ಶನದಲ್ಲಿ ಡೊರೇಮಾನ್ ಎಂಬ ನೀಲಿ ಬೆಕ್ಕು ಬಂದು ನಮ್ಮ ಮಕ್ಕಳೊಡನೆ ಹಿಂದಿಯಲ್ಲಿ ಮಾತನಾಡತೊಡಗಿತು. ವೈರಿ, ಬಾಂಬಿಗೆ ಬಲಿಯಾದವನು, ಸರಕು, ಆಟಿಕೆ: ಇಷ್ಟೇ ನಮ್ಮ ಜಪಾನ. ತನ್ನ ಮನೆಯಲ್ಲಿ, ತನ್ನ ಮಾತಿನಲ್ಲಿ, ತನ್ನ ಸುಖದುಃಖಗಳೊಡನೆ ಕುಳಿತ ಜಪಾನೀ ಮನುಷ್ಯನನ್ನು ಈ ನಾಲ್ಕರಲ್ಲಿ ಒಂದೂ ನಮಗೆ ತೋರಿಸಲಿಲ್ಲ.

ಆ ಮನುಷ್ಯನನ್ನು ತೋರಿಸುವುದು ಚಿತ್ರೋತ್ಸವದ ಕೆಲಸ. ಒಂದು ದೇಶದ ಆಯ್ದ ಚಿತ್ರಗಳನ್ನು ಕೆಲವು ದಿನಗಳ ಮಟ್ಟಿಗೆ ಒಂದೆಡೆ ಕೂಡಿಸಿ ತೋರುವ ಈ ಸಂಪ್ರದಾಯವು ಹೇಗೆ ಬೆಳೆಯಿತು, ತಾನು ಹೊತ್ತ ಕೆಲಸವನ್ನು ಎಷ್ಟರಮಟ್ಟಿಗೆ ಮಾಡಿತು, ಗಡಿನಾಡಿನ ಕನ್ನಡ ಶಾಲೆಯ ಗುರುಗಳಿಗೂ ಮಕ್ಕಳಿಗೂ ಅದರಿಂದ ಏನಾದರೂ ದಕ್ಕೀತೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೧

ಜಪಾನೀ ಚಿತ್ರಗಳ ಜಗದ್ಯಾತ್ರೆಯು ಒಂದು ಆಕಸ್ಮಿಕದಿಂದ ಆರಂಭವಾಯಿತೆಂದರೆ ತಪ್ಪಾಗದು. ಆಕಿರಾ ಕುರೋಸಾವಾ ಎಂಬ ದಿಗ್ದರ್ಶಕರು ೧೯೫೦ರಲ್ಲಿ ‘ರಾಶೋಮೋನ್’ ಎಂಬ ಚಿತ್ರವನ್ನು ತೆಗೆದರು. ಕಾಡಿನಲ್ಲಿ ಒಬ್ಬನ ಸಾವು. ಆ ಸಾವನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುತ್ತಾರೆ. ಯಾರ ಮಾತು ನಿಜವೆಂಬುದನ್ನು ಚಿತ್ರವು ತೀರ್ಮಾನಿಸಿ ಕೊಡುವುದಿಲ್ಲ. ಹಣ ಹೂಡಿದ ದಾಯಿಯೇ ಸಂಸ್ಥೆಯ ಒಡೆಯರಿಗೇ ಅದರ ಅರ್ಥವಾಗಲಿಲ್ಲವಂತೆ. ಟೋಕಿಯೋದಲ್ಲಿ ಇಟಲಿಯ ಚಿತ್ರಗಳ ವ್ಯವಹಾರ ನೋಡಿಕೊಳ್ಳುತ್ತಿದ್ದ ಜ್ಯೂಲಿಯಾನಾ ಸ್ತ್ರಾಮಿಜೋಲಿ ಎಂಬ ವಿದುಷಿಯು ಅದನ್ನು ವೆನಿಸ್ಸಿನ ಚಿತ್ರೋತ್ಸವಕ್ಕೆ ಕಳಿಸಬೇಕೆಂದು ಒತ್ತಾಯಪಡಿಸಿದರು. ೧೯೫೧ರಲ್ಲಿ ಅಲ್ಲಿಯ ಅತ್ಯುಚ್ಚ ಪಾರಿತೋಷಕವಾದ ಸುವರ್ಣಸಿಂಹವು ‘ರಾಶೋಮೋನ್’ಗೆ ದೊರೆಯಿತು. ತಮ್ಮ ಚಿತ್ರವು ವೆನಿಸ್ಸಿಗೆ ಹೋಗಿದೆ ಎಂಬುದೇ ಕುರೋಸಾವಾ ಅವರಿಗೆ ಗೊತ್ತಿರಲಿಲ್ಲ.

ಯುದ್ಧದಲ್ಲಿ ಸೋತು, ಪರರ ಆಡಳಿತದಲ್ಲಿದ್ದ ದೇಶವೊಂದಕ್ಕೆ ಆ ಗೌರವದ ಬೆಲೆ ಎಷ್ಟಿದ್ದೀತೆಂದು ವಾಚಕರು ಊಹಿಸಬಹುದು. ಬಾಗಿಲು ಒಮ್ಮೆ ತೆರೆದ ಮೇಲೆ ಉಳಿದವರೂ ಒಳಬಂದರು. ಕೆಂಜಿ ಮಿಝೋಗುಚಿಯವರ ಚಿತ್ರಗಳು ೧೯೫೨, ೧೯೫೩, ೧೯೫೪ ಹೀಗೆ ಸತತ ಮೂರು ವರ್ಷ ವೆನಿಸ್ಸಿನಲ್ಲಿ ಮನ್ನಣೆ ಪಡೆದವು. ೧೯೫೪ರಲ್ಲಿ ಫ್ರಾನ್ಸದ ಕಾನ್ ಉತ್ಸವದಲ್ಲಿ ಕಿನುಗಾಸಾ ಅವರ ‘ನರಕದ ಬಾಗಿಲು’ ಎಂಬ ವರ್ಣಚಿತ್ರವು ಪ್ರಥಮ ಪಾರಿತೋಷಕ ಗಳಿಸಿತು.

ನಮ್ಮ ದೇಶವೂ ಆ ಹೊತ್ತಿಗೆ ಸುಮ್ಮನೆ ಕುಳಿತಿರಲಿಲ್ಲ. ೧೯೫೨ರ ಜನೇವರಿ ೨೪ರಂದು ಮುಂಬಯಿಯಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವವು ಆರಂಭವಾಯಿತು. ಮುಂದೆ ಅದು ಮದ್ರಾಸು, ದಿಲ್ಲಿ, ಕಲಕತ್ತೆಗಳಿಗೂ ಹೋಯಿತು. ಇಟಲಿಯ ‘ಬೈಸಿಕಲ್ ಕಳ್ಳರು’ ಮೊದಲಾದ ಚಿತ್ರಗಳ ಜೊತೆಗೆ ಜಪಾನದಿಂದ ‘ಯುಕಿವಾರಿಸೋ’ ಎಂಬ ಚಿತ್ರವೂ ಬಂದಿತ್ತು. ಆ ವರ್ಷಗಳಲ್ಲಿ ‘ರಾಶೋಮೋನ್’ ಕಲಕತ್ತೆಗೆ ಬಂದಾಗ ಸತ್ಯಜಿತ ರಾಯ್ ಎಂಬ ತರುಣರು ಅದನ್ನು ಸತತ ಮೂರು ದಿನ ನೋಡಿದರೆಂದು ಅವರೇ ಬರೆದಿದ್ದಾರೆ. ಮುಂದೆ ೧೯೫೫ರಲ್ಲಿ ‘ಪಥೇರ್ ಪಾಂಚಾಲಿ’ ಬಂದಿತು. ಒಂದು ಇನ್ನೊಂದಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. ಏಷ್ಯದ ಒಂದು ಮೂಲೆಯಲ್ಲಿ ತನ್ನ ಭಾಷೆಯಲ್ಲಿಯೇ ತೆಗೆದ ಚಿತ್ರವು ಜಗತ್ತಿಗೆ ಮುಟ್ಟಬಲ್ಲದೆಂಬ ಧೈರ್ಯವನ್ನು ಅದು ಇನ್ನೊಂದು ಮೂಲೆಗೆ ಕೊಟ್ಟಿತು, ಅಷ್ಟು ನಿಶ್ಚಯ.

ಅನಂತರದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ೧೯೭೨ರಲ್ಲಿ ಜಪಾನ ಫೌಂಡೇಶನ್ ಎಂಬ ಸಂಸ್ಥೆಯು ಆ ದೇಶದ ಸಂಸ್ಕೃತಿಯನ್ನು ಹೊರನಾಡುಗಳಿಗೆ ಪರಿಚಯಿಸಲು ಸ್ಥಾಪಿತವಾಯಿತು. ೧೯೮೫ರಲ್ಲಿ ಟೋಕಿಯೋ ನಗರವು ತನ್ನದೇ ಅಂತರರಾಷ್ಟ್ರೀಯ ಚಿತ್ರೋತ್ಸವವನ್ನು ಆರಂಭಿಸಿತು. ೨೦೦೦ದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಕೆಲವು ವಿದ್ಯಾರ್ಥಿಗಳು ಕೂಡಿ ಜಪಾನೀ ಚಿತ್ರಗಳ ಉತ್ಸವವೊಂದನ್ನು ನಡೆಸಿದರು. ಸ್ವಯಂಸೇವಕರ ದುಡಿಮೆಯ ಮೇಲೆ ನಿಂತ ಆ ಉತ್ಸವವು ಬೆಳೆದು ಜಪಾನದ ಹೊರಗೆ ನಡೆಯುವ ಇಂಥವುಗಳಲ್ಲಿ ಅತಿ ದೊಡ್ಡದೆಂದು ಹೆಸರಾಯಿತು. ಭಾರತದಲ್ಲಿ ೨೦೧೭ರಿಂದ ಜಪಾನ ಫೌಂಡೇಶನ್ ಸಂಸ್ಥೆಯವರು ದಿಲ್ಲಿ, ಮುಂಬಯಿ, ಬೆಂಗಳೂರು ಮುಂತಾದ ನಗರಗಳಲ್ಲಿ ಜಪಾನೀ ಚಿತ್ರೋತ್ಸವವನ್ನು ನಡೆಸುತ್ತ ಬಂದಿದ್ದಾರೆ.

೨

ಇತಿಹಾಸವು ಹೀಗೆ ಹೊಗಳಿಕೆಗೆ ಅರ್ಹವಾದದ್ದಾದರೂ ವಿಮರ್ಶಕನು ಹೊಗಳಿ ಸುಮ್ಮನಾಗುವಂತಿಲ್ಲ. ಉತ್ಸವಗಳಲ್ಲಿ ನಮಗೆ ಮೂರು ದೋಷಗಳು ಕಾಣುತ್ತವೆ.

ಮೊದಲನೆಯದು, ಪಾರಿತೋಷಕದ ಆಸೆಯು ಚಿತ್ರದ ವೇಷವನ್ನು ಬದಲಿಸುತ್ತದೆ. ಯುರೋಪಿನವರಿಗೆ ಬಣ್ಣದ ನಿಲುವಂಗಿ, ಖಡ್ಗ, ಹಳೆಯ ಅರಮನೆಗಳು ಹಿಡಿಸುತ್ತವೆಂದು ಕಂಡ ಕೂಡಲೆ ಅಲ್ಲಿಯ ಸಂಸ್ಥೆಗಳು ಅಂಥ ಚಿತ್ರಗಳನ್ನೇ ಹೊರಗೆ ಕಳಿಸತೊಡಗಿದವು. ಮನೆಗೆ ಬೀಗರು ಬಂದಾಗ ಕಪಾಟಿನೊಳಗಿನ ರೇಶಿಮೆ ಸೀರೆ ಹೊರಬರುವುದುಂಟು. ಬೀಗರು ಸೀರೆಯನ್ನು ಕಂಡರು, ಸೀರೆಯುಟ್ಟವಳನ್ನು ಕಾಣಲಿಲ್ಲ ಎಂದಾಗಬಾರದು. ಯಾಸುಜಿರೋ ಓಝು ಅವರು ೧೯೫೩ರಲ್ಲಿ ತೆಗೆದ ‘ಟೋಕಿಯೋ ಕಥೆ’ಯ ಗತಿಯನ್ನು ನೋಡಿರಿ. ಅದರಲ್ಲಿ ಖಡ್ಗವಿಲ್ಲ, ಅರಮನೆಯಿಲ್ಲ. ಮುದುಕ ಮುದುಕಿಯರಿಬ್ಬರು ಮಕ್ಕಳನ್ನು ನೋಡಲು ನಗರಕ್ಕೆ ಹೋಗಿಬರುತ್ತಾರೆ, ಇಷ್ಟೇ ಕಥೆ. ಇಂಥದನ್ನು ಹೊರಗಿನವರು ಹೇಗೆ ತಿಳಿದಾರು, ಇದು ತೀರ ಜಪಾನೀಯವಾಯಿತು ಎಂಬ ಅಳುಕಿನಿಂದ ಅದನ್ನು ಬಹುಕಾಲ ಹೊರಗೆ ಕಳಿಸಲೇ ಇಲ್ಲ. ಲಂಡನ್ನಿನಲ್ಲಿ ಅದು ೧೯೫೭ರಲ್ಲಿ ಕಂಡಿತು, ೧೯೫೮ರಲ್ಲಿ ಅಲ್ಲಿಯ ಸದರಲ್ಯಾಂಡ್ ಪಾರಿತೋಷಕ ಪಡೆಯಿತು. ಅಮೇರಿಕೆಯ ನ್ಯೂಯಾರ್ಕಿಗೆ ಮುಟ್ಟಲು ೧೯೭೨ ಬರಬೇಕಾಯಿತು. ಕೊನೆಗೆ ೨೦೧೨ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಜಗತ್ತಿನ ದಿಗ್ದರ್ಶಕರನ್ನು ಕೇಳಿ ಪಟ್ಟಿ ಮಾಡಿದಾಗ, ಅವರು ಎಲ್ಲಕ್ಕೂ ಶ್ರೇಷ್ಠವೆಂದು ಮೊದಲ ಸ್ಥಾನ ಕೊಟ್ಟದ್ದು ಇದೇ ಚಿತ್ರಕ್ಕೆ. ತೀರ ಜಪಾನೀಯವೆಂದು ಯಾವುದನ್ನು ಒಳಗೆ ಇಟ್ಟುಕೊಂಡರೋ ಅದೇ ಎಲ್ಲರದೂ ಆಯಿತು.

ಎರಡನೆಯ ದೋಷ, ಸರಕಾರಗಳ ನೆರವಿನಿಂದ ನಡೆಯುವ ಉತ್ಸವಕ್ಕೆ ಸಹಜವಾದ ಮುಲಾಜು. ಅತಿಥಿಯ ಮುಂದೆ ಮನೆಯ ಜಗಳವನ್ನು ಯಾರೂ ಆಡುವುದಿಲ್ಲ. ಅದರಿಂದ ಸಿಹಿಯಾದ ಚಿತ್ರಗಳಿಗೆ ಮೊದಲ ಪಂಕ್ತಿ, ಕಹಿಯಾದವುಗಳಿಗೆ ಕಡೆಯ ಪಂಕ್ತಿ. ಆದರೆ ಕೋಟಣೀಸರ ಊರಿನವರಾದ ನಾವು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಚೀನದಲ್ಲಿ ತಮ್ಮ ಸೈನ್ಯ ಮಾಡಿದ್ದನ್ನು ಕುರಿತು ಜಪಾನೀಯರು ತಾವೇ ಏನು ಹೇಳಿದರು? ಇದಕ್ಕೆ ಉತ್ತರವು ಮಸಾಕಿ ಕೊಬಾಯಾಶಿಯವರ ‘ಮಾನವನ ಸ್ಥಿತಿ’ ಎಂಬ ಚಿತ್ರದಲ್ಲಿದೆ. ೧೯೫೯ರಿಂದ ೧೯೬೧ರವರೆಗೆ ಮೂರು ಭಾಗಗಳಲ್ಲಿ ಹೊರಬಂದ, ಒಟ್ಟು ೯ ತಾಸುಗಳಿಗೂ ಮಿಕ್ಕಿದ ಚಿತ್ರವಿದು. ಕಾಜಿ ಎಂಬ ತರುಣನು ಮಂಚೂರಿಯದ ಗಣಿಯೊಂದಕ್ಕೆ ಕಾರ್ಮಿಕರ ಮೇಲ್ವಿಚಾರಕನಾಗಿ ಹೋಗುತ್ತಾನೆ. ಅಲ್ಲಿ ಮುಳ್ಳುತಂತಿಯ ಒಳಗೆ ಚೀನೀ ಬಂದಿಗಳು. ಅವರನ್ನು ಮನುಷ್ಯರಂತೆ ಕಾಣಬೇಕೆಂದು ಹೊರಟ ಕಾಜಿಯು, ಬಂದಿಗಳ ಶಿರಚ್ಛೇದ ನಡೆದಾಗ ಎದುರು ನಿಂತು ತನ್ನವರ ಕೈಯಿಂದಲೇ ಹಿಂಸೆ ಅನುಭವಿಸುತ್ತಾನೆ. ಶಾಂತಾರಾಮರ ಚಿತ್ರವು ಹೊರಗಿನಿಂದ ಹೊರಿಸಿದ ಆರೋಪವನ್ನು ಈ ಚಿತ್ರವು ಒಳಗಿನಿಂದ ಒಪ್ಪಿಕೊಂಡಿತು. ಇವೆರಡನ್ನೂ ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿದವನಿಗೆ ಮಾತ್ರ ಕೋಟಣೀಸರ ಬಲಿದಾನದ ಪೂರ್ಣ ಅರ್ಥವಾದೀತು. ತನ್ನ ತಪ್ಪನ್ನು ತಾನೇ ಎತ್ತಿ ಆಡುವ ಕಲೆಯುಳ್ಳ ಜನಾಂಗವನ್ನು ದ್ವೇಷಿಸುವುದು ಕಠಿಣ. ಯಾವ ಉತ್ಸವವು ಇಂಥ ಚಿತ್ರಕ್ಕೆ ಎಡೆಗೊಡುವುದೋ ಅದು ಸಂಸ್ಕೃತಿಯ ಕೆಲಸ ಮಾಡಿತೆಂದೂ, ಯಾವುದು ಕೊಡುವುದಿಲ್ಲವೋ ಅದು ಜಾಹೀರಾತಿನ ಕೆಲಸ ಮಾಡಿತೆಂದೂ ನಾವು ಹೇಳುವೆವು.

ಮೂರನೆಯ ದೋಷವು ಭಾಷೆಗೆ ಸಂಬಂಧಿಸಿದ್ದು. ನಮಗೆ ಅತ್ಯಂತ ಹತ್ತಿರದ್ದು. ಅದನ್ನು ಹೇಳುವ ಮೊದಲು, ಈ ಚಿತ್ರಗಳು ಕನ್ನಡಕ್ಕೆ ಬಂದು ಏನು ಮಾಡಿದವು ಎಂಬುದನ್ನು ಒಂದಿಷ್ಟು ನೋಡುವುದು ಒಳ್ಳೆಯದು.

೩

ಪರದೇಶದ ಕಲೆಯನ್ನು ನೋಡಿದವರು ಎರಡು ಬಗೆ. ನೋಡಿದ್ದನ್ನು ಹಾಗೆಯೇ ತಂದು ನೆಡುವವರು ಕೆಲವರು. ನೋಡಿದ ಬೆಳಕಿನಲ್ಲಿ ತಮ್ಮ ಹಿತ್ತಿಲನ್ನು ಹೊಸದಾಗಿ ಕಾಣುವವರು ಕೆಲವರು. ಧಾರವಾಡದ ನೆಲದಲ್ಲಿ ಬೆಳೆದ ಗಿರೀಶ ಕಾರ್ನಾಡರು ೧೯೭೮ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಎಂಬ ಚಿತ್ರವನ್ನು ತೆಗೆದರು. ಕುರೋಸಾವಾ ಅವರ ಖಡ್ಗವೀರರ ಚಿತ್ರಗಳಿಗೆ ತಾವು ಋಣಿಯೆಂಬುದನ್ನು ಅವರು ಮುಚ್ಚಿಡಲಿಲ್ಲ. ಆದರೆ ಕನ್ನಡ ಚಿತ್ರದಲ್ಲಿ ಜಪಾನೀ ವೀರರಿಲ್ಲ. ಕೂಲಿಗೆ ಕಾದುವ ನಮ್ಮ ಹಳೆಗಾಲದ ಪಡೆಯಾಳುಗಳಿದ್ದಾರೆ, ಮಲೆನಾಡಿನ ಕಾಡಿದೆ, ಅಣ್ಣತಮ್ಮಂದಿರ ಆಸ್ತಿಯ ಜಗಳವಿದೆ. ಇತ್ತಂಡಗಳಲ್ಲಿ ನಿಂತ ಇಬ್ಬರು ಕಾದಾಳುಗಳು ಒಬ್ಬರನ್ನೊಬ್ಬರು ಗೌರವಿಸುವ ಪರಿಯು ನಮ್ಮ ವೀರಗಲ್ಲುಗಳ ಲೋಕಕ್ಕೆ ಸೇರಿದ್ದು. ಶಂಕರ ನಾಗರ ಮೊದಲ ಚಿತ್ರವಿದು. ಇದರ ಅಭಿನಯಕ್ಕೆ ಅವರು ೧೯೭೯ರ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟರೆಂದು ಮನ್ನಣೆ ಪಡೆದರು. ಹೀಗೆ ಉತ್ಸವದಿಂದ ಬಂದದ್ದು ಉತ್ಸವಕ್ಕೇ ಮರಳಿತು, ಆದರೆ ಕನ್ನಡದ ಉಡುಪಿನಲ್ಲಿ.

ದಿಗ್ದರ್ಶಕರ ಮಾತು ಬಿಡಿರಿ, ಸಾಮಾನ್ಯ ಪ್ರೇಕ್ಷಕನ ಗತಿಯೇನು ಎಂದು ಕೇಳಬಹುದು. ಅದಕ್ಕೆ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡು ಉತ್ತರ ಕೊಟ್ಟಿದೆ. ಅಡಿಕೆ ತೋಟಗಳ ನಡುವಿನ ಆ ಚಿಕ್ಕ ಹಳ್ಳಿಯಲ್ಲಿ ಕೆ. ವಿ. ಸುಬ್ಬಣ್ಣನವರು ನೀನಾಸಮ್ ಸಂಸ್ಥೆಯ ಅಂಗವಾಗಿ ೧೯೭೩ರಲ್ಲಿ ಚಿತ್ರಸಮಾಜವನ್ನು ಕಟ್ಟಿದರು. ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತರಿಸಿ ರೈತರಿಗೂ ಕೂಲಿಕಾರರಿಗೂ ಶಾಲಾ ಶಿಕ್ಷಕರಿಗೂ ತೋರಿಸಿದರು. ಪುಣೆಯ ಚಿತ್ರಸಂಸ್ಥೆಯ ಸತೀಶ ಬಹಾದೂರರಂಥವರು ಅಲ್ಲಿಗೆ ಬಂದು ಚಿತ್ರವನ್ನು ಓದುವ ಬಗೆ ಕಲಿಸಿದರು. ೧೯೯೧ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೇ ಪ್ರಶಸ್ತಿ ಬಂದಾಗ, ಗ್ರಾಮೀಣ ಕರ್ನಾಟಕಕ್ಕೆ ಜಗತ್ತಿನ ಅತ್ಯುತ್ತಮ ಚಿತ್ರಗಳನ್ನು ತಂದವರೆಂದೇ ಅವರನ್ನು ಕೊಂಡಾಡಲಾಯಿತು. ಹಳ್ಳಿಯವರಿಗೆ ಇಂಥ ಚಿತ್ರಗಳು ತಿಳಿಯುವುದಿಲ್ಲವೆಂಬ ಮಾತು ಪೇಟೆಯವರ ಅಹಂಕಾರವೆಂಬುದು ಅಲ್ಲಿ ಸಿದ್ಧವಾಯಿತು.

ಜಪಾನದಲ್ಲಿಯೂ ಇಂಥದೇ ಒಂದು ಉದಾಹರಣೆಯಿದೆ. ಶಿನ್ಸುಕೆ ಒಗಾವಾ ಎಂಬ ದಾಖಲೆ ಚಿತ್ರಗಳ ದಿಗ್ದರ್ಶಕರು ತಮ್ಮ ಸಂಗಡಿಗರೊಡನೆ ಉತ್ತರದ ಯಾಮಾಗಾತಾ ಪ್ರಾಂತದ ಮಾಗಿನೋ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ವರ್ಷಗಟ್ಟಲೆ ರೈತರ ಜೊತೆ ತಾವೂ ಭತ್ತ ಬೆಳೆಯುತ್ತ, ಆ ಬೆಳೆಯ ಕಥೆಯನ್ನೂ ಹಳ್ಳಿಯ ನೆನಪುಗಳನ್ನೂ ಸೇರಿಸಿ ೧೯೮೬ರಲ್ಲಿ ದೀರ್ಘ ಚಿತ್ರವೊಂದನ್ನು ಮುಗಿಸಿದರು. ಯಾಮಾಗಾತಾ ನಗರಕ್ಕೆ ೧೦೦ ವರ್ಷ ತುಂಬಿದ ೧೯೮೯ರಲ್ಲಿ, ಒಗಾವಾ ಅವರ ಪ್ರೇರಣೆಯಿಂದ, ಅಲ್ಲಿ ಅಂತರರಾಷ್ಟ್ರೀಯ ದಾಖಲೆ ಚಿತ್ರೋತ್ಸವವು ಆರಂಭವಾಯಿತು. ಅದು ಎರಡು ವರ್ಷಕ್ಕೊಮ್ಮೆ ನಡೆಯುವ ಪರಿಪಾಠ ಬೆಳೆಯಿತು. ಆ ನಗರದ ಜನಸಂಖ್ಯೆ ಸುಮಾರು ೨.೫ ಲಕ್ಷ. ೨೦೧೧ರ ಜನಗಣತಿಯಂತೆ ನಮ್ಮ ಸೊಲ್ಲಾಪುರದ್ದು ೯.೫ ಲಕ್ಷ. ರಾಜಧಾನಿಯಿಂದ ದೂರವಿರುವುದೂ ನಗರ ಚಿಕ್ಕದಾಗಿರುವುದೂ ಸಂಸ್ಕೃತಿಗೆ ಅಡ್ಡಿಯೆಂದು ಇನ್ನು ಮೇಲೆ ನಾವು ಹೇಳಲಾರೆವು.

೪

ಈಗ ಭಾಷೆಯ ಮಾತಿಗೆ ಬರೋಣ. ಭಾರತಕ್ಕೆ ಬರುವ ಜಪಾನೀ ಚಿತ್ರಗಳ ಅಡಿಬರಹಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಪರದೆಯ ಮೇಲೆ ಕ್ಷಣಮಾತ್ರ ನಿಂತು ಮಾಯವಾಗುವ ಆ ಸಾಲುಗಳನ್ನು ಹಿಡಿಯಲು ಇಂಗ್ಲಿಷು ಕರತಲಾಮಲಕವಾಗಿರಬೇಕು. ಅಂದರೆ ಟೋಕಿಯೋದಿಂದ ಅಕ್ಕಲಕೋಟೆಗೆ ಬರುವ ದಾರಿಯು ಲಂಡನ್ನಿನ ಮೇಲೆಯೇ ಹಾಯಬೇಕು ಎಂದಾಯಿತು. ನಮ್ಮ ಮಕ್ಕಳ ಪಾಡನ್ನು ಬಲ್ಲ ಗುರುಗಳಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಮತ್ತು ತೆಲುಗು, ಕಚೇರಿಯಲ್ಲಿ ಮರಾಠಿ, ದೂರದರ್ಶನದಲ್ಲಿ ಹಿಂದಿ. ಪುಣೆಯ ಬಾಲಭಾರತಿ ಅಚ್ಚುಹಾಕಿದ ಕನ್ನಡ ಪಠ್ಯಪುಸ್ತಕ. ಇಷ್ಟು ಭಾಷೆಗಳನ್ನು ಕಿವಿಯಲ್ಲಿ ಹೊತ್ತ ಮಗುವನ್ನು ದಡ್ಡನೆನ್ನುವುದು ಅನ್ಯಾಯ. ಆದರೂ ಜಗತ್ತಿನ ಬಾಗಿಲಲ್ಲಿ ನಿಂತಾಗ ಅವನ ಕನ್ನಡಕ್ಕೆ ಒಳಗೆ ಪ್ರವೇಶವಿಲ್ಲ. ಕನ್ನಡ ಶಾಲೆಯಲ್ಲಿ ಕಲಿತರೆ ಮಗು ಬಾವಿಯ ಕಪ್ಪೆಯಾಗುತ್ತದೆಂದು ಪಾಲಕರು ಹೆದರುವುದೂ, ಪಟಸಂಖ್ಯೆಯ ಚಿಂತೆಯಲ್ಲಿ ಮುಖ್ಯಾಧ್ಯಾಪಕರು ಮನೆಮನೆ ತಿರುಗುವುದೂ ಈ ಬಾಗಿಲಿನ ಕಾರಣದಿಂದಲೇ ಅಲ್ಲವೆ?

ಕಳೆದ ಬೇಸಗೆಯ ರಜೆಯಲ್ಲಿ ನಾವು ಕೆಲವರು ಒಂದು ಚಿಕ್ಕ ಪ್ರಯೋಗ ಮಾಡಿದೆವು. ವಿಜಾಪುರ ರಸ್ತೆಯಲ್ಲಿರುವ ಗೆಳೆಯರೊಬ್ಬರ ಮನೆಯ ಪಡಸಾಲೆಯಲ್ಲಿ ಬಿಳಿಯ ಧೋತರವನ್ನು ಗೋಡೆಗೆ ಬಿಗಿದು, ಎರವಲು ತಂದ ಯಂತ್ರದಿಂದ ‘ಟೋಕಿಯೋ ಕಥೆ’ಯನ್ನು ತೋರಿಸಿದೆವು. ಸೊಲ್ಲಾಪುರದ ಮತ್ತು ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಗಳ ಮೂವತ್ತು ಮಕ್ಕಳು, ಐದಾರು ಜನ ಗುರುಗಳು, ಓಣಿಯ ಕೆಲವು ಹಿರಿಯರು ಜಮಖಾನೆಯ ಮೇಲೆ ಕುಳಿತಿದ್ದರು. ಮೊದಲ ಅರ್ಧ ತಾಸು ನಮ್ಮ ಪ್ರಯೋಗವು ಸೋತಿತೆಂದೇ ಹೇಳಬೇಕು. ಮಕ್ಕಳು ಇಂಗ್ಲಿಷ್ ಸಾಲಿನ ಮೊದಲ ಎರಡು ಶಬ್ದಗಳನ್ನು ಕೂಡಿಸಿ ಓದುವಷ್ಟರಲ್ಲಿ ಸಾಲು ಹೋಗಿಬಿಡುತ್ತಿತ್ತು. ಪಿಸುಮಾತು ಆರಂಭವಾಯಿತು, ನೀರು ಕುಡಿಯಲು ಏಳುವವರು ಹೆಚ್ಚಾದರು.

ಆಗ ನಮ್ಮ ಹಿರಿಯ ಗುರುಗಳೊಬ್ಬರು ಎದ್ದು, ಚಿತ್ರವನ್ನು ಮೊದಲಿನಿಂದ ಹಚ್ಚಲು ಹೇಳಿ, ಪರದೆಯ ಮಗ್ಗುಲಿಗೆ ನಿಂತರು. ಪಾತ್ರಗಳು ಆಡಿದ ಮಾತನ್ನು ತಮ್ಮ ಕನ್ನಡದಲ್ಲಿ ಹೇಳತೊಡಗಿದರು. ಎಲ್ಲ ಮಾತನ್ನೂ ಅಲ್ಲ, ಬೇಕಾದಷ್ಟನ್ನು. ಉಳಿದೆಡೆ ಸುಮ್ಮನಿರುತ್ತಿದ್ದರು. ಓನೋಮಿಚಿ ಎಂಬ ಊರಿನ ಆ ವೃದ್ಧ ದಂಪತಿಗಳು ವೈದ್ಯನಾದ ಹಿರಿಯ ಮಗನ ಮನೆಗೆ, ಕೇಶಾಲಂಕಾರದ ಅಂಗಡಿಯಿಟ್ಟ ಮಗಳ ಮನೆಗೆ ಹೋಗುತ್ತಾರೆ. ಮಕ್ಕಳು ಕೆಟ್ಟವರಲ್ಲ; ಪುರುಸೊತ್ತಿಲ್ಲದವರು. ತಂದೆತಾಯಿಗಳನ್ನು ಅತಾಮಿಯ ಬಿಸಿನೀರಿನ ಬುಗ್ಗೆಗಳ ಊರಿಗೆ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಯುದ್ಧದಲ್ಲಿ ಗತಿಸಿದ ಮಗನ ಹೆಂಡತಿ ನೋರಿಕೋ ಮಾತ್ರ ತನ್ನ ಕೆಲಸಕ್ಕೆ ರಜೆ ಹಾಕಿ ಅವರಿಗೆ ಊರು ತೋರಿಸುತ್ತಾಳೆ. ಊರಿಗೆ ಮರಳಿದ ಮೇಲೆ ತಾಯಿ ತೀರಿಕೊಳ್ಳುತ್ತಾಳೆ. ಅಂತ್ಯಸಂಸ್ಕಾರವಾದ ಸ್ವಲ್ಪ ಹೊತ್ತಿಗೇ ಮಗಳು ತಾಯಿಯ ಉಡುಪುಗಳನ್ನು ನೆನಪಿಗೆಂದು ಕೇಳುವಾಗ, ನಮ್ಮ ಪಡಸಾಲೆಯಲ್ಲಿ ಕುಳಿತ ಹಿರಿಯರೊಬ್ಬರು ಕಣ್ಣೊರೆಸಿಕೊಂಡದ್ದನ್ನು ನಾವು ಕಂಡೆವು.

ಓಝು ಅವರು ಕ್ಯಾಮರಾವನ್ನು ನೆಲದಿಂದ ಸ್ವಲ್ಪವೇ ಎತ್ತರದಲ್ಲಿ, ಚಾಪೆಯ ಮೇಲೆ ಕುಳಿತವರ ಮಟ್ಟಕ್ಕೆ ಇಡುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ಕುರ್ಚಿಯ ಮೇಲೆ ಕುಳಿತು ಚಿತ್ರ ನೋಡುವ ದೇಶಗಳಲ್ಲಿ ವಿಮರ್ಶಕರು ಇದನ್ನು ಬಹಳ ವಿವರಿಸಿ ಬರೆದಿದ್ದಾರೆ. ಜಮಖಾನೆಯ ಮೇಲೆ ಕುಳಿತ ನಮ್ಮ ಮಕ್ಕಳಿಗೆ ವಿವರಣೆಯೇ ಬೇಕಾಗಲಿಲ್ಲ. ಆ ಮುದುಕರು ಅವರ ಎದುರಿಗೇ, ಅವರ ಮಟ್ಟದಲ್ಲಿಯೇ ಕುಳಿತಿದ್ದರು. ಚಿತ್ರ ಮುಗಿದ ಮೇಲೆ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಕೇಳಿದ ಮಾತು ಇದು: “ಗುರುಗಳೇ, ಇದು ನಮ್ಮ ಮುತ್ಯಾನ ಕಥೀನೇ ಅದ ಅಲ್ರಿ? ನಮ್ಮ ಕಾಕಾನೂ ಪುಣೆದಾಗ ಇರ್ತಾನ್ರಿ. ಮುತ್ಯಾ ಹೋದ್ರ ಅಂವಗೂ ಹೀಂಗ ಸವಡ ಇರೂದಿಲ್ರಿ.” ಯಾವ ದೊಡ್ಡ ವಿಮರ್ಶಕನೂ ಈ ಚಿತ್ರವನ್ನು ಕುರಿತು ಇದಕ್ಕಿಂತ ಸರಿಯಾದ ಮಾತನ್ನು ಆಡಲಾರನೆಂದು ನಮಗೆ ತೋರಿತು. ಚಿತ್ರದ ಕೊನೆಯಲ್ಲಿ ಆ ಮನೆಯ ಕಿರಿಯ ಮಗಳು ಕ್ಯೋಕೋ ತನ್ನ ತರಗತಿಯ ಕಿಟಕಿಯಿಂದ, ನೋರಿಕೋ ಕುಳಿತ ರೈಲು ಹಾಯುವತ್ತ ನೋಡುತ್ತಾಳೆ. ಕ್ಯೋಕೋ ಶಾಲೆಯ ಗುರುಮಾತೆ. ಎಲ್ಲರೂ ನಗರಕ್ಕೆ ಹೋದ ಮೇಲೆ ಊರಿನಲ್ಲಿ ಉಳಿದವಳು ಅವಳೊಬ್ಬಳೇ. ನಮ್ಮ ಗುರುಗಳು ಆ ದೃಶ್ಯದಲ್ಲಿ ಏನೂ ಹೇಳದೆ ಸುಮ್ಮನೆ ನಿಂತಿದ್ದರು.

೫

ಅಂದು ನಮ್ಮ ಗುರುಗಳು ಮಾಡಿದ್ದು ಅವರಿಗೇ ತಿಳಿಯದಂತೆ ಜಪಾನದ ಒಂದು ಹಳೆಯ ಕಲೆಯಾಗಿತ್ತು. ಮೂಕಪಟಗಳ ಕಾಲದಲ್ಲಿ ಆ ದೇಶದ ಚಿತ್ರಮಂದಿರಗಳಲ್ಲಿ ಪರದೆಯ ಮಗ್ಗುಲಿಗೆ ಬೆನ್ಶಿ ಎಂಬ ಕಥನಕಾರನೊಬ್ಬನು ನಿಲ್ಲುತ್ತಿದ್ದನು. ಪರದೇಶದ ಚಿತ್ರವಿರಲಿ, ಸ್ವದೇಶದ್ದಿರಲಿ, ಪಾತ್ರಗಳ ಮಾತನ್ನು ತಾನೇ ಆಡಿ, ತಿಳಿಯದ ರೀತಿರಿವಾಜುಗಳನ್ನು ಬಿಡಿಸಿ ಹೇಳಿ, ಅಳಿಸಿ ನಗಿಸಿ ಪ್ರೇಕ್ಷಕರನ್ನು ಕರೆದೊಯ್ಯುವುದು ಅವನ ಕೆಲಸ. ಹೆಸರಾಂತ ಬೆನ್ಶಿಯಿದ್ದರೆ ಜನ ಚಿತ್ರಕ್ಕಿಂತ ಅವನ ಹೆಸರು ನೋಡಿ ಬರುತ್ತಿದ್ದರು. ೧೯೩೦ರ ದಶಕದಲ್ಲಿ ಬೋಲಪಟ ಬೇರೂರುವವರೆಗೂ ಈ ಕಲೆ ಬ ಾಳಿತು. ಕುರೋಸಾವಾ ಅವರ ಅಣ್ಣ ಹೈಗೋ ಕೂಡ ಬೆನ್ಶಿಯಾಗಿದ್ದರು. ಜಗತ್ತಿನ ಮೂಕಪಟಗಳ ಪರಿಚಯವು ತರುಣ ಕುರೋಸಾವಾ ಅವರಿಗೆ ಆದದ್ದು ಆ ಅಣ್ಣನ ಮೂಲಕವೇ. ‘ರಾಶೋಮೋನ್’ ಜಗತ್ತಿಗೆ ಹೋಗುವ ಮುಂಚೆ ಜಗತ್ತು ಜಪಾನಕ್ಕೆ ಬಂದದ್ದು ಇಂಥ ಕಥನಕಾರರ ಬಾಯಿಂದ, ಜಪಾನೀ ಭಾಷೆಯಲ್ಲಿ.

ಇದರಲ್ಲಿ ನಮಗೊಂದು ದೊಡ್ಡ ಪಾಠವಿದೆ. ಆ ಜನ ಜಗತ್ತನ್ನು ನೋಡಲು ತಮ್ಮ ಭಾಷೆಯನ್ನು ಬಾಗಿಲ ಹೊರಗೆ ಬಿಟ್ಟು ಹೋಗಲಿಲ್ಲ. ಜಗತ್ತನ್ನೇ ತಮ್ಮ ಭಾಷೆಯೊಳಗೆ ಕರೆದರು. ತಮ್ಮ ಮಾತಿನಲ್ಲಿ ಜಗತ್ತನ್ನು ಕಂಡವರೇ ಮುಂದೆ ತಮ್ಮ ಮಾತಿನಲ್ಲಿ ಜಗತ್ತಿಗೆ ಹೇಳಬಲ್ಲವರಾದರು. ಕೀರ್ತನಕಾರರನ್ನೂ ಪುರಾಣ ಹೇಳುವವರನ್ನೂ ರಾತ್ರಿಯೆಲ್ಲ ಕುಳಿತು ಕೇಳಿದ ನಮ್ಮ ಸೀಮೆಗೆ ಬೆನ್ಶಿಯೆಂಬವನು ಅಪರಿಚಿತನೇನಲ್ಲ. ಸಿದ್ಧರಾಮನ ಗಡ್ಡೆಯ ಜಾತ್ರೆಯಲ್ಲಿ ಎಷ್ಟು ಭಾಷೆಯ ಜನ ಕೂಡುತ್ತಾರೆ! ಅಲ್ಲಿ ಒಬ್ಬನ ಮಾತನ್ನು ಇನ್ನೊಬ್ಬನಿಗೆ ತಿಳಿಸಿ ಹೇಳುವವನು ದಿನವೂ ಸಿಗುತ್ತಾನೆ. ಅವನು ಚಿತ್ರದ ಪರದೆಯ ಪಕ್ಕಕ್ಕೆ ಬಂದು ನಿಲ್ಲುವುದಷ್ಟೇ ಉಳಿದಿದೆ.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ಓಝು ಅವರ ಮೌನವನ್ನು ಕಥನಕಾರನ ಮಾತು ಕೆಡಿಸಲಾರದೆ? ಕೆಡಿಸೀತು, ಅವನು ಅತಿಮಾತಿನವನಾದರೆ. ಕಾವ್ಯವನ್ನು ತರಗತಿಯಲ್ಲಿ ಅತಿಯಾಗಿ ವಿವರಿಸಿ ಕೊಂದ ಗುರುಗಳೂ ಉಂಟು. ಎರಡು ಮಾತು ಹೇಳಿ ಕಾವ್ಯವೇ ಮಾತನಾಡಲು ಬಿಟ್ಟ ಗುರುಗಳೂ ಉಂಟು. ಎರಡನೆಯವರು ನಮ್ಮ ಶಾಲೆಗಳಲ್ಲಿ ಇದ್ದಾರೆಂಬ ನಂಬಿಕೆಯಿಂದಲೇ ಈ ಮಾತು ಬರೆಯುತ್ತಿದ್ದೇವೆ. ಇನ್ನೊಂದು ಆಕ್ಷೇಪಣೆ, ಇದರಿಂದ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದಾವು ಎಂಬುದು. ಒಂದೂ ಬರಲಿಕ್ಕಿಲ್ಲ. ಆದರೆ ತನ್ನ ಮುತ್ಯಾನ ಕಥೆ ಟೋಕಿಯೋದಲ್ಲಿಯೂ ನಡೆಯುತ್ತದೆಂದು ಕನ್ನಡದಲ್ಲಿಯೇ ಅರಿತ ಹುಡುಗಿಯು, ತನ್ನ ಭಾಷೆ ಚಿಕ್ಕದೆಂದು ಇನ್ನು ಸುಲಭವಾಗಿ ನಂಬಲಾರಳು.

ಆದುದರಿಂದ ನಮ್ಮ ಸೂಚನೆ ಇಷ್ಟೇ. ದೊಡ್ಡ ನಗರಗಳ ಉತ್ಸವವು ನಮ್ಮೂರಿಗೆ ಬರಲೆಂದು ದಾರಿ ಕಾಯುವುದು ಬೇಡ. ಫ್ರಾಂಕ್‌ಫರ್ಟಿನ ವಿದ್ಯಾರ್ಥಿಗಳು ಕಾಯಲಿಲ್ಲ, ಹೆಗ್ಗೋಡು ಕಾಯಲಿಲ್ಲ. ವರ್ಷಕ್ಕೆ ಮೂರು ದಿನ, ದಿನಕ್ಕೊಂದು ಚಿತ್ರ ಸಾಕು. ಮೊದಲ ದಿನ ನಮ್ಮ ಕೋಟಣೀಸರ ಕಥೆ, ಎರಡನೆಯ ದಿನ ದೊಡ್ಡವರಿಗಾಗಿ ‘ಮಾನವನ ಸ್ಥಿತಿ’ಯ ಮೊದಲ ಭಾಗ, ಮೂರನೆಯ ದಿನ ಎಲ್ಲರಿಗೂ ‘ಟೋಕಿಯೋ ಕಥೆ’. ವೈರಿಯೆಂದು ಕಂಡವನು ತನ್ನ ತಪ್ಪನ್ನು ಒಪ್ಪಿಕೊಂಡವನಾಗಿ, ಕೊನೆಗೆ ನೆರೆಮನೆಯವನಾಗಿ ಮೂರು ದಿನಗಳಲ್ಲಿ ನಮ್ಮೆದುರು ಬಂದು ಕುಳಿತಾನು. ಪ್ರದರ್ಶನಕ್ಕೆ ಬೇಕಾದ ಅನುಮತಿಯನ್ನು ಕ್ರಮವಾಗಿ ಪಡೆಯುವುದು, ಜಮಖಾನೆ ಹಾಸುವುದು, ಬಿಳಿಯ ಪರದೆ ಬಿಗಿಯುವುದು ಇವು ಸಂಘದ ಕೆಲಸ. ಪರದೆಯ ಮಗ್ಗುಲಿಗೆ ನಿಲ್ಲುವುದು ಮಾತ್ರ, ಗುರುಬಂಧುಗಳೇ, ನಿಮ್ಮ ಕೆಲಸ.